ಇಪ್ಪತ್ತೊಂದರಲ್ಲಿ ಅಡಗಿದ ಸೊನ್ನೆ

ಜತ್ತ ತಾಲೂಕಿನ ಯಾವುದಾದರೊಂದು ಹಳ್ಳಿಯಲ್ಲಿ, ಉಮದಿಯೆನ್ನಿ, ಸಂಖವೆನ್ನಿ, ಮಾಡಗ್ಯಾಳವೆನ್ನಿ, ದೀಪ ಹಚ್ಚುವ ಹೊತ್ತಿಗೆ ಎರಡನೆಯ ಇಯತ್ತೆಯ ಕೂಸೊಂದು ಪಡಸಾಲೆಯಲ್ಲಿ ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದೆಯೆಂದು ಭಾವಿಸೋಣ. ‘ಇಪ್ಪತ್ತೊಂದು ಬರಿ’ ಎಂದು ತಂದೆ ಹೇಳುತ್ತಾನೆ. ಕೂಸು ಕ್ಷಣಹೊತ್ತು ಯೋಚಿಸಿ, ನಾಲಗೆಯ ತುದಿಯನ್ನು ತುಟಿಯ ಮೂಲೆಗೆ ಒತ್ತಿ, ಬಲು ಎಚ್ಚರಿಕೆಯಿಂದ ೨೦೧ ಎಂದು ಬರೆದು ಮೆಚ್ಚುಗೆಯ ಮಾತನ್ನು ಎದುರುನೋಡುತ್ತದೆ. ತಂದೆಯ ಹುಬ್ಬು ಗಂಟಿಕ್ಕುತ್ತದೆ. ‘ಇಷ್ಟು ದಿನ ಸಾಲಿಗೆ ಹೋಗಿ ಕಲಿತದ್ದು ಇದೇ ಏನು?’ ಎಂಬ ಮಾತು ಹೊರಬೀಳುತ್ತದೆ. ಪಾಟಿಯ ಮೇಲಿನ ಅಕ್ಷರ ಅಂಗೈಯಿಂದ ಅಳಿಸಿಹೋಗುತ್ತದೆ. ಆದರೆ ಅಳಿಸಿಹೋದ ಆ ಮೂರು ಅಂಕೆಗಳಲ್ಲಿ ಒಂದು ಸಮಗ್ರವಾದ ತರ್ಕವಿತ್ತೆಂಬುದನ್ನು ಯಾರೂ ಗಮನಿಸಲಿಲ್ಲ. ಇಪ್ಪತ್ತು ಎಂದರೆ ೨೦ ಎಂದು ಕೂಸು ಅರಿತಿತ್ತು, ಒಂದು ಎಂದರೆ ೧ ಎಂದೂ ಅರಿತಿತ್ತು, ಇಪ್ಪತ್ತರ ಬೆನ್ನಿಗೆ ಒಂದು ಬರುವುದೆಂಬುದನ್ನು ತನ್ನ ತಾಯ್ನುಡಿಯ ಮಾತಿನಿಂದಲೆ ಕೇಳಿ ತಿಳಿದಿತ್ತು. ಕೇಳಿದುದನ್ನು ಕೇಳಿದ ಕ್ರಮದಲ್ಲಿಯೆ ಬರೆದಿತ್ತು. ಅದು ಇನ್ನೂ ಅರಿಯಬೇಕಾದುದು ಒಂದೇ: ಒಂದು ಬಂದು ಕುಳಿತೊಡನೆ ಇಪ್ಪತ್ತರ ಸೊನ್ನೆ ಅದಕ್ಕೆ ಸ್ಥಳವನ್ನು ಬಿಟ್ಟುಕೊಟ್ಟು ಮರೆಯಾಗುತ್ತದೆ ಎಂಬುದು.

ಈ ಪ್ರಮಾದವನ್ನು ಲೇಖನದ ಮೊದಲಿಗೇ ಇಟ್ಟುಕೊಂಡುದಕ್ಕೆ ಕಾರಣವುಂಟು. ಜತ್ತವೆಂದೊಡನೆ ವೃತ್ತಪತ್ರಿಕೆಯ ಓದುಗರ ಮನಸ್ಸಿಗೆ ಬರುವವು ನೀರಿನ ಬರ ಮತ್ತು ಗಡಿಯ ವಿವಾದ, ಇವೆರಡೇ. ಡಫಳೆ ಮನೆತನದ ಸಂಸ್ಥಾನವಾಗಿದ್ದು ೧೯೪೮ರಲ್ಲಿ ಮುಂಬಯಿ ಪ್ರಾಂತದೊಳಗೆ ವಿಲೀನವಾದ ಈ ಸೀಮೆ, ಈಗ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿದ್ದು, ತನ್ನ ಅನೇಕ ಹಳ್ಳಿಗಳಲ್ಲಿ ಇಂದಿಗೂ ಮನೆಯೊಳಗೆ ಕನ್ನಡವನ್ನೂ ಕಚೇರಿಯಲ್ಲಿ ಮರಾಠಿಯನ್ನೂ ಆಡುತ್ತದೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಕಲಿಯುವ ಇಲ್ಲಿಯ ಮಕ್ಕಳು ಓದುವ ಕನ್ನಡ ಗಣಿತಪುಸ್ತಕ, ೧೯೬೭ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ‘ಬಾಲಭಾರತಿ’ ಎಂಬ ಪಠ್ಯಪುಸ್ತಕ ಮಂಡಳದಲ್ಲಿ ಸಿದ್ಧವಾಗಿ ಬರುತ್ತದೆ. ಹೀಗೆ ಎರಡು ಭಾಷೆಗಳ ನಡುವೆ ಎಣಿಕೆಯನ್ನು ಕಲಿಯುವ ಕೂಸಿನ ಮನಸ್ಸಿನಲ್ಲಿ ನಡೆಯುವ ವ್ಯಾಪಾರ ಅತ್ಯಂತ ಸ್ವಾರಸ್ಯಕರವಾದುದು. ಅದನ್ನು ಪಾಲಕರು ಒಮ್ಮೆ ಹೊಕ್ಕು ನೋಡಿದರೆ ಪಾಟಿಯ ಮೇಲಿನ ತಪ್ಪುಗಳೆಲ್ಲ ಬೇರೆ ಬಗೆಯಾಗಿ ಕಾಣಿಸತೊಡಗುವುವು.

೨೦೧೯ರಲ್ಲಿ ಮಹಾರಾಷ್ಟ್ರದಲ್ಲಿ ಒಂದು ದೊಡ್ಡ ಚರ್ಚೆ ಎದ್ದಿತು. ಎರಡನೆಯ ಇಯತ್ತೆಯ ಹೊಸ ಗಣಿತಪುಸ್ತಕದಲ್ಲಿ, ‘ಏಕವೀಸ, ಬಾವೀಸ, ತೇವೀಸ’ ಎಂದು ತಲೆತಲಾಂತರದಿಂದ ಹೇಳಿಕೊಂಡು ಬಂದ ಸಂಖ್ಯೆಗಳನ್ನು ‘ವೀಸ ಏಕ, ವೀಸ ದೋನ, ವೀಸ ತೀನ’ ಎಂದೂ ಓದಬಹುದೆಂದು ಕಲಿಸಲಾಗಿತ್ತು. ಗಣಿತವಿದುಷಿ ಮಂಗಲಾ ನಾರಳೀಕರ ಅವರ ಅಧ್ಯಕ್ಷತೆಯ ಸಮಿತಿ ಈ ಮಾರ್ಪಾಟನ್ನು ಸೂಚಿಸಿತ್ತು. ವಿರೋಧ ಬಲವಾಗಿಯೆ ಬಂದಿತು. ವಿಷಯ ವಿಧಾನಸಭೆಯವರೆಗೂ ಹೋಯಿತು. ಭಾಷೆಯ ಸೊಬಗು ಕೆಟ್ಟುಹೋಗುವುದೆಂದು ಕೆಲವರು ನೊಂದುಕೊಂಡರು. ಸಮಿತಿಯ ಸಮರ್ಥನೆ ಸರಳವಾಗಿತ್ತು: ಮರಾಠಿಯ ಸಂಖ್ಯಾಪದಗಳಲ್ಲಿ ಬಿಡಿಯ ಹೆಸರು ಮೊದಲು, ಹತ್ತಿನ ಹೆಸರು ಆಮೇಲೆ, ಬರವಣಿಗೆಯಲ್ಲಿ ಹತ್ತು ಮೊದಲು, ಬಿಡಿ ಆಮೇಲೆ, ಆದುದರಿಂದ ‘ಏಕವೀಸ’ ಎಂದು ಕೇಳಿದ ಕೂಸು ೧೨ ಎಂದು ಬರೆದರೆ ಅದರ ಕಿವಿಯ ತಪ್ಪಲ್ಲ, ಮಾತಿನ ಕಟ್ಟೋಣದ ಫಲ. ಅದರ ಮೇಲೆ ‘ತ್ರ್ಯಾಣ್ಣವ’ದಂಥ ಒತ್ತಕ್ಷರಗಳ ತೊಡಕು ಬೇರೆ. ಈ ವಾದಕ್ಕೆ ಆಧಾರವಾಗಿ ಮುಂದಿಡಲಾದ ನಿದರ್ಶನಗಳಲ್ಲಿ ದಕ್ಷಿಣದ ನಾಲ್ಕು ಭಾಷೆಗಳು ಮುಖ್ಯವಾಗಿದ್ದವು. ಅವುಗಳಲ್ಲಿ ನಮ್ಮ ಕನ್ನಡವೂ ಒಂದು.

ಪುಣೆಯ ಸಮಿತಿ ಮರಾಠಿ ಮಕ್ಕಳಿಗಾಗಿ ಪ್ರಯಾಸಪಟ್ಟು ತರಲೆತ್ನಿಸಿದ ಅನುಕೂಲ ಜತ್ತದ ಕನ್ನಡದ ಕೂಸಿಗೆ ಹಾಲಿನೊಡನೆಯೆ ದೊರೆತಿದೆ! ಇಪ್ಪತ್ತು ಎಂದರೆ ಎರಡು ‘ಪತ್ತು’. ಮೂವತ್ತು ಎಂದರೆ ಮೂರು. ಅರವತ್ತು ಎಂದರೆ ಆರು. ಇಪ್ಪತ್ತೊಂದು, ಮೂವತ್ತೆರಡು, ಅರವತ್ತೇಳು ಎಂಬಲ್ಲಿ ಹತ್ತುಗಳು ಮುಂದೆ ನಡೆಯುತ್ತವೆ, ಬಿಡಿಗಳು ಹಿಂಬಾಲಿಸುತ್ತವೆ, ಲೇಖನಿಯೂ ಅದೇ ಹಾದಿಯನ್ನು ಹಿಡಿಯುತ್ತದೆ. ಇಪ್ಪತ್ತೊಂಬತ್ತು ಎಂಬುದನ್ನು ಮರಾಠಿಯಂತೆ ‘ಮೂವತ್ತಕ್ಕೆ ಒಂದು ಕಡಿಮೆ’ ಎಂದು ಸುತ್ತಿ ಹೇಳುವ ಅಗತ್ಯವೂ ಕನ್ನಡಕ್ಕೆ ಬಂದಿಲ್ಲ. ಜರ್ಮನರ ಭಾಷೆಯಲ್ಲಿಯೂ ಬಿಡಿ ಮೊದಲು ಬರುವುದರಿಂದ ಅಲ್ಲಿಯ ಮಕ್ಕಳು ಅಂಕೆಗಳನ್ನು ತಿರುಗುಮುರುಗಾಗಿ ಬರೆಯುವುದುಂಟು. ಚೀನೀಯರಾದರೋ ಹನ್ನೊಂದನ್ನು ‘ಹತ್ತು ಒಂದು’ ಎಂದೂ ಇಪ್ಪತ್ತೊಂದನ್ನು ‘ಎರಡು ಹತ್ತು ಒಂದು’ ಎಂದೂ ಬಿಚ್ಚಿ ಹೇಳುತ್ತಾರೆ. ಕನ್ನಡ ಆ ಸ್ಪಷ್ಟತೆಗೆ ಬಹಳ ಸಮೀಪದಲ್ಲಿದೆ. ಹನ್ನೊಂದರಿಂದ ಹದಿನೆಂಟರವರೆಗಿನ ಹೆಸರುಗಳಲ್ಲಿ ಮಾತ್ರ ಹತ್ತು ಎಂಬುದು ‘ಹನ್’ ಆಗಿ, ‘ಹದಿ’ ಆಗಿ ವೇಷ ಮರೆಸಿಕೊಂಡಿದೆ. ಆದುದರಿಂದಲೆ ಇಪ್ಪತ್ತರ ಮೇಲಿನ ಎಣಿಕೆಯನ್ನು ಸರಾಗವಾಗಿ ಹಿಡಿದ ಕೂಸು ಹದಿನಾಲ್ಕು ಹದಿನಾರುಗಳ ನಡುವೆ ಎಡವುವುದುಂಟು. ಅಲ್ಲಿ ಪಾಲಕರು ಒಂದಿಷ್ಟು ತಾಳ್ಮೆಯಿಂದಿರಬೇಕು.

ಆದರೆ ಜತ್ತದ ಕೂಸು ಕನ್ನಡವೊಂದನ್ನೇ ಕೇಳುವುದಿಲ್ಲ. ಸಂತೆಯಲ್ಲಿ ಬದನೆಕಾಯಿಯ ಬೆಲೆ ‘ಪಂಚವೀಸ’ ಎಂದು ಕಿವಿಗೆ ಬೀಳುತ್ತದೆ. ಎಸ್.ಟಿ. ಬಸ್ಸಿನ ಹಲಗೆಯ ಮೇಲೆ ದೇವನಾಗರಿ ಅಂಕೆ, ನೋಟಿನ ಮೇಲೆ ಅಂತರರಾಷ್ಟ್ರೀಯ ಅಂಕೆ, ಅಜ್ಜನ ಪಂಚಾಂಗದಲ್ಲಿ ಕನ್ನಡ ಅಂಕೆ. ದೇವನಾಗರಿಯ ನಾಲ್ಕು ಅಪರಿಚಿತ ಕಣ್ಣಿಗೆ ನೆತ್ತಿ ತೆರೆದ ಎಂಟಿನಂತೆ ತೋರುತ್ತದೆ. ದೊಡ್ಡವರಿಗೆ ಇದೆಲ್ಲ ಉಸಿರಾಟದಷ್ಟು ಸಹಜವಾಗಿಬಿಟ್ಟಿರುವುದರಿಂದ ಕೂಸಿನ ಶ್ರಮ ಕಣ್ಣಿಗೆ ಬೀಳುವುದಿಲ್ಲ. ಒಂದು ಸಂಖ್ಯೆಗೆ ಎರಡು ಹೆಸರು, ಮೂರು ರೂಪಗಳಿವೆಯೆಂದು ಬಾಯಿಬಿಟ್ಟು ಹೇಳಿದರೆ ಸಾಕು, ಅದರ ಅರ್ಧ ಗೊಂದಲ ಪರಿಹಾರವಾಗುತ್ತದೆ. ಎರಡು ಭಾಷೆಗಳಲ್ಲಿ ಎಣಿಸಬಲ್ಲವರ ಮನೆಯಲ್ಲಿ ಹುಟ್ಟಿದುದು ಹೊರೆಯಲ್ಲ, ಆಸ್ತಿಯೆಂದು ನಾನು ತಿಳಿಯುತ್ತೇನೆ.

ಇನ್ನು ಎಣಿಕೆಯೆಂದರೇನೆಂಬುದನ್ನೇ ವಿಚಾರಿಸೋಣ. ನಾಲ್ಕು ವರ್ಷದ ಮಗಳು ಒಂದರಿಂದ ಐವತ್ತರವರೆಗೆ ಅಂಕಲಿಪಿಯನ್ನು ಗಡಗಡನೆ ಒಪ್ಪಿಸಿದಾಗ ತಾಯಿಯ ಹೃದಯ ಹಿಗ್ಗುವುದು ಸಹಜ. ಆದರೆ ಅದು ಕಂಠಪಾಠ, ಎಣಿಕೆಯಲ್ಲ. ಎದುರಿಗೆ ಏಳು ಶೇಂಗಾ ಬೀಜಗಳನ್ನಿಟ್ಟು ಎಣಿಸಹೇಳಿದರೆ ಅದೇ ಕೂಸು ಒಂದು ಬೀಜಕ್ಕೆ ಎರಡು ಹೆಸರನ್ನು ಕೊಟ್ಟೀತು, ಒಂದನ್ನು ಹಾರಿಸೀತು. ಸರಿಯಾಗಿ ಏಳರವರೆಗೆ ಎಣಿಸಿದ ಮೇಲೂ ‘ಹಾಗಾದರೆ ಎಷ್ಟಾದವು?’ ಎಂದು ಕೇಳಿದರೆ ಉತ್ತರ ಹೇಳದೆ ಮತ್ತೆ ಒಂದರಿಂದ ಎಣಿಸತೊಡಗೀತು. ಕೊನೆಯಲ್ಲಿ ನುಡಿದ ಹೆಸರೇ ಇಡಿಯ ಗುಂಪಿನ ಮೊತ್ತವೆಂಬುದು ನಮಗೆ ಸ್ವಯಂಸಿದ್ಧವಾಗಿ ತೋರುತ್ತದೆಯಾದರೂ, ಮಗುವಿಗೆ ಅದೊಂದು ಆವಿಷ್ಕಾರ. ಮಕ್ಕಳ ಎಣಿಕೆಯನ್ನು ಕೂಲಂಕಷವಾಗಿ ಪರೀಕ್ಷಿಸಿ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಇಬ್ಬರು ವಿದ್ವಾಂಸರು ೧೯೭೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಅಂಶಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದ್ದಾರೆ. ಅವರಿಗಿಂತ ಹಿಂದೆ, ೧೯೪೧ರಲ್ಲಿ, ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತಮ್ಮ ಸಹೋದ್ಯೋಗಿಯೊಡನೆ ಬರೆದ ಗ್ರಂಥದಿಂದ ಪ್ರಸಿದ್ಧವಾದ ಪ್ರಯೋಗವನ್ನು ನೀವು ಮನೆಯಲ್ಲಿಯೆ ಮಾಡಿ ನೋಡಬಹುದು: ಆರು ಬೀಜಗಳ ಎರಡು ಸಾಲುಗಳನ್ನು ಎದುರುಬದುರಾಗಿಟ್ಟು, ಎರಡೂ ಸಮವೆಂದು ಕೂಸು ಒಪ್ಪಿದ ಮೇಲೆ ಒಂದು ಸಾಲನ್ನು ಅಗಲವಾಗಿ ಹರಡಿದರೆ, ಅಗಲವಾದ ಸಾಲಿನಲ್ಲಿ ಹೆಚ್ಚು ಬೀಜಗಳಿವೆಯೆಂದು ಕೂಸು ಹೇಳಬಹುದು. ಬೀಜಗಳನ್ನು ದೊಡ್ಡವರು ಹರಡಿ ಮತ್ತೆ ಪ್ರಶ್ನೆ ಕೇಳಿದರೆ, ಉತ್ತರ ಬದಲಾಗಬೇಕೆಂದು ಅವರ ಇಚ್ಛೆಯಿದ್ದೀತೆಂದು ಕೂಸು ಊಹಿಸುವುದೂ ಉಂಟೆಂದು ಮುಂದಿನ ವಿದ್ವಾಂಸರು ತೋರಿಸಿಕೊಟ್ಟರು. ನಮ್ಮ ಪ್ರಶ್ನೆಯ ಧಾಟಿಯನ್ನೂ ಮಕ್ಕಳು ಅಳೆದು ನೋಡುತ್ತಾರೆ. ಗದರಿಕೆಯ ದನಿಯಲ್ಲಿ ಕೇಳಿದ ‘ಖರೇ ಏನು?’ ಎಂಬ ಒಂದು ಮಾತಿಗೆ ಸರಿಯಾದ ಉತ್ತರವನ್ನೂ ಹಿಂದೆಗೆದುಕೊಂಡುಬಿಡುತ್ತಾರೆ.

ಬೆರಳೆಣಿಕೆಯ ವಿಷಯದಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಒಂದು ಅನಾವಶ್ಯಕ ಲಜ್ಜೆಯಿದೆ. ಕೂಸು ಬೆರಳು ಮಡಚಿದೊಡನೆ ‘ಬೆರಳು ಬಿಡು, ಮನಸ್ಸಿನಾಗ ಮಾಡು’ ಎಂದು ಕೈಯ ಮೇಲೆ ಹೊಡೆಯುವವರುಂಟು. ಆದರೆ ಮನಸ್ಸಿನೊಳಗಿನ ಗಣಿತ ಬೆರಳುಗಳ ಮೂಲಕವೆ ಒಳಗೆ ಹೋಗುತ್ತದೆ. ಎಂಟು ಮತ್ತು ಐದನ್ನು ಕೂಡಿಸುವಾಗ ಮೊದಲು ಕೂಸು ಎಂಟನ್ನೂ ಎಣಿಸುತ್ತದೆ, ಐದನ್ನೂ ಎಣಿಸುತ್ತದೆ, ಎಲ್ಲವನ್ನೂ ಮತ್ತೆ ಒಂದರಿಂದ ಎಣಿಸುತ್ತದೆ. ಕೆಲವು ತಿಂಗಳುಗಳ ತರುವಾಯ, ಯಾರೂ ಹೇಳಿಕೊಡದಿದ್ದರೂ, ಎಂಟನ್ನು ಬಾಯಲ್ಲಿಯೆ ಹಿಡಿದು ಒಂಬತ್ತು, ಹತ್ತು ಎಂದು ಮುಂದೆ ಐದು ಹೆಜ್ಜೆ ನಡೆಯುತ್ತದೆ. ಇನ್ನೂ ಕೆಲವು ದಿನಗಳಲ್ಲಿ ಐದರೊಳಗಿಂದ ಎರಡನ್ನು ಕಿತ್ತು ಎಂಟಕ್ಕೆ ಕೊಟ್ಟು ಹತ್ತು ಮಾಡಿ, ಉಳಿದ ಮೂರನ್ನು ಸೇರಿಸಿ ಹದಿಮೂರು ಎನ್ನುತ್ತದೆ. ಈ ಮೂರನೆಯ ಮೆಟ್ಟಿಲಿಗೆ ಬಂದ ಕೂಸು ತಾನಾಗಿಯೆ ಬೆರಳುಗಳನ್ನು ಬಿಡುತ್ತದೆ. ಮೊದಲನೆಯ ಮೆಟ್ಟಿಲಿನಲ್ಲಿಯೆ ಕೈ ಕಟ್ಟಿಹಾಕಿದರೆ ಉತ್ತರವನ್ನು ಊಹಿಸಲು, ಇಲ್ಲವೆ ಬೆನ್ನ ಹಿಂದೆ ಅಡಗಿಸಿ ಎಣಿಸಲು ಕಲಿಯುತ್ತದೆ. ನಾಲ್ಕು ಮತ್ತು ಆರು, ಮೂರು ಮತ್ತು ಏಳು, ಎರಡು ಮತ್ತು ಎಂಟು ಎಂಬ ಹತ್ತರ ಜೋಡಿಗಳು ನಾಲಗೆಯ ಮೇಲೆ ಆಡುತ್ತಿದ್ದರೆ ಮುಂದಿನ ಬಹುಭಾಗ ಸುಗಮವಾಗುತ್ತದೆ. ಹುಣಸೆ ಬೀಜಗಳನ್ನು ಹತ್ತು ಎಣಿಸಿ ಮುಷ್ಟಿಯಲ್ಲಿ ಕೆಲವನ್ನು ಬಚ್ಚಿಟ್ಟು ‘ಒಳಗೆ ಎಷ್ಟು?’ ಎಂದು ಕೇಳುವ ಆಟ ಇದಕ್ಕೆ ಸಾಕು.

ಮೊದಲು ಹೇಳಿದ ೨೦೧ರ ಚಿಕಿತ್ಸೆಯೂ ಮನೆಯಲ್ಲಿಯೆ ಇದೆ. ಜೋಳದ ದಂಟಿನ ಕಡ್ಡಿಗಳನ್ನು ಹತ್ತು ಹತ್ತಾಗಿ ಕಟ್ಟಿ, ಎರಡು ಕಟ್ಟು ಮತ್ತು ಒಂದು ಬಿಡಿಯನ್ನು ಕೂಸಿನ ಕೈಯಲ್ಲಿ ಕೊಡಬೇಕು. ಹಳೆಯ ಕ್ಯಾಲೆಂಡರಿನ ದಪ್ಪ ಕಾಗದದಲ್ಲಿ ೨೦ ಎಂದು ಬರೆದ ಅಗಲವಾದ ಚೀಟಿಯೊಂದನ್ನೂ, ೧ ಎಂದು ಬರೆದ ಅದರ ಅರ್ಧದ ಚೀಟಿಯೊಂದನ್ನೂ ಮಾಡಿ, ಚಿಕ್ಕದನ್ನು ದೊಡ್ಡದರ ಸೊನ್ನೆಯ ಮೇಲೆ ಇಡಿಸಬೇಕು. ೨೧ ಎಂಬುದರಲ್ಲಿ ಸೊನ್ನೆ ಅಳಿದುಹೋಗಿಲ್ಲ, ಒಂದರ ಕೆಳಗೆ ಅಡಗಿ ಕುಳಿತಿದೆಯೆಂಬುದು ಚೀಟಿಯನ್ನು ಎತ್ತಿ ನೋಡಿದರೆ ಕಣ್ಣಿಗೇ ಕಾಣುತ್ತದೆ. ನೂರೈದನ್ನು ೧೦೦೫ ಎಂದು ಬರೆಯುವ ಮುಂದಿನ ವರ್ಷದ ಪ್ರಮಾದಕ್ಕೂ ಇದೇ ಮದ್ದು.

ಬೇರೀಜಿಗಿಂತ ವಜಾಬಾಕಿಯಲ್ಲಿ ಪಾಲಕರು ಹೆಚ್ಚು ತಾಳ್ಮೆಗೆಡುತ್ತಾರೆ. ೫೨ರಲ್ಲಿ ೩೭ನ್ನು ಕಳೆಯಹೇಳಿದರೆ ಕೂಸು ೨೫ ಎಂದು ಬರೆಯುತ್ತದೆ. ಐದರಲ್ಲಿ ಮೂರು ಹೋದರೆ ಎರಡು. ಎರಡರಲ್ಲಿ ಏಳು ಹೋಗಲಾರದು, ‘ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು’ ಎಂದು ಕೂಸು ಹಿಂದೆಯೆ ಕೇಳಿದೆ. ಆದುದರಿಂದ ಏಳರಲ್ಲಿ ಎರಡನ್ನು ಕಳೆದು ಐದು ಎಂದಿತು. ಕಲಿತ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ ಫಲವಿದು! ಮರಾಠಿಯಲ್ಲಿ ಕೂಡಿಸುವಾಗ ಮುಂದೆ ಒಯ್ಯುವ ಒಂದಕ್ಕೆ ‘ಹಾತಚಾ’, ಎಂದರೆ ಕೈಯಲ್ಲಿರುವುದು, ಎನ್ನುತ್ತಾರೆ. ಕಳೆಯುವಾಗ ತರುವುದಕ್ಕೆ ‘ಉಸನಾ’, ಎಂದರೆ ಕಡ, ಎನ್ನುತ್ತಾರೆ. ಕನ್ನಡದ ಮಾಸ್ತರರೂ ‘ನೆರೆಮನೆಯಿಂದ ಕಡ ತಂದೆವು’ ಎಂದು ಹೇಳುವುದುಂಟು. ಈ ಕಡದ ಮಾತು ನನಗೆ ಎಂದೂ ಹಿಡಿಸಿಲ್ಲ. ತಂದ ಕಡವನ್ನು ಹಿಂದಿರುಗಿಸಬೇಕಲ್ಲವೆ? ಇಲ್ಲಿ ಯಾರೂ ಹಿಂದಿರುಗಿಸುವುದಿಲ್ಲ. ನಿಜವಾಗಿ ಇಲ್ಲಿ ನಡೆಯುವ ಕ್ರಿಯೆಗೆ ನಮ್ಮ ಸಂತೆಯ ಭಾಷೆಯಲ್ಲಿ ಅಚ್ಚುಕಟ್ಟಾದ ಹೆಸರಿದೆ: ನೋಟು ಮುರಿಸುವುದು. ಹತ್ತರ ಐದು ನೋಟುಗಳೂ ಎರಡು ಬಿಡಿ ರೂಪಾಯಿಗಳೂ ಇವೆ. ಮೂವತ್ತೇಳು ರೂಪಾಯಿ ಕೊಡಬೇಕಾದರೆ ಒಂದು ನೋಟನ್ನು ಮುರಿಸಿ ಹತ್ತು ಬಿಡಿ ಮಾಡಿಕೊಂಡರೆ ನೋಟು ನಾಲ್ಕಾದವು, ಬಿಡಿ ಹನ್ನೆರಡಾದವು, ಹಣ ಮಾತ್ರ ಇದ್ದಷ್ಟೇ ಇದೆ. ಏಳು ಬಿಡಿಗಳನ್ನೂ ಮೂರು ನೋಟುಗಳನ್ನೂ ಕೊಟ್ಟರೆ ಉಳಿಯುವುದು ಹದಿನೈದು. ಕಾಗದದ ಮೇಲೆ ಹತ್ತು ಸಲ ಹೇಳಿದರೂ ಹತ್ತದ ವಿಷಯ ಒಂದು ಸಲ ಚಿಲ್ಲರೆ ಕೈಯಲ್ಲಿ ಆಡಿದರೆ ಹತ್ತುತ್ತದೆ.

ಅಂಗಡಿಕಾರನು ಚಿಲ್ಲರೆ ಮರಳಿಸುವಾಗ ಮಾಡುವ ಲೆಕ್ಕ ಇನ್ನೂ ಸೊಗಸಾದುದು. ಅವನು ಕಳೆಯುವುದೇ ಇಲ್ಲ. ಮೂವತ್ತೇಳರಿಂದ ನಲವತ್ತಕ್ಕೆ ಮೂರು, ಐವತ್ತಕ್ಕೆ ಹತ್ತು, ಮೇಲೆ ಎರಡು, ಒಟ್ಟು ಹದಿನೈದು ಎಂದು ಏರುತ್ತ ಹೋಗುತ್ತಾನೆ. ಬ್ರೆಜಿಲ್ ದೇಶದ ರೆಸಿಫೆ ಎಂಬ ನಗರದ ಬೀದಿಗಳಲ್ಲಿ ವ್ಯಾಪಾರ ಮಾಡುವ ಐದು ಮಂದಿ ಮಕ್ಕಳನ್ನು ಕುರಿತು ೧೯೮೫ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ ಶಿಕ್ಷಕರನ್ನೆಲ್ಲ ಎಚ್ಚರಿಸಿತು: ಗಿರಾಕಿಗಳಾಗಿ ಹೋಗಿ ಕೇಳಿದಾಗ ಆ ಮಕ್ಕಳ ಉತ್ತರಗಳಲ್ಲಿ ನೂರಕ್ಕೆ ತೊಂಬತ್ತೆಂಟು ಸರಿಯಾಗಿದ್ದವು, ಅದೇ ಬಗೆಯ ಲೆಕ್ಕಗಳನ್ನು ಬರೀ ಅಂಕೆಗಳಾಗಿ ಕಾಗದದ ಮೇಲೆ ಕೊಟ್ಟಾಗ ನೂರಕ್ಕೆ ಮೂವತ್ತೇಳು ಮಾತ್ರ. ಹನ್ನೆರಡು ವರ್ಷದ ಹುಡುಗನೊಬ್ಬನು ಹತ್ತು ತೆಂಗಿನಕಾಯಿಗಳ ಬೆಲೆಯನ್ನು ಸೊನ್ನೆ ಸೇರಿಸಿ ಹೇಳಲಿಲ್ಲ. ಮೂರು ಮೂರರ ಗುಂಪುಗಳ ಬೆಲೆಯನ್ನು ಕೂಡುತ್ತ ಒಂಬತ್ತಕ್ಕೆ ಬಂದು, ಮೇಲೊಂದನ್ನು ಸೇರಿಸಿ ಮುಟ್ಟಿದನು. ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಯಲ್ಲಿ ಜೋಡಿಗಾಯಿ ಮಾರುವ ಮನೆತನದ ಮಕ್ಕಳೂ ಇದೇ ವಿಧಾನವನ್ನು ಬಲ್ಲರೆಂದು ಊಹಿಸಲು ಅಡ್ಡಿಯಿಲ್ಲ. ಆದರೆ ಇದರ ಮತ್ತೊಂದು ಮುಖವನ್ನೂ ಮರೆಯಲಾಗದು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಕಲಕತ್ತೆ ಮತ್ತು ದಿಲ್ಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಪರೀಕ್ಷಿಸಿ ೨೦೨೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂತೆಯ ಗಣಿತ ತಾನಾಗಿಯೆ ಶಾಲೆಯ ಗಣಿತವಾಗದೆಂಬುದೂ, ಶಾಲೆಯಲ್ಲಿ ಮಾತ್ರ ಕಲಿತ ಮಕ್ಕಳು ಸಂತೆಯ ಲೆಕ್ಕದಲ್ಲಿ ತಡವರಿಸುವರೆಂಬುದೂ ಎರಡೂ ಕಂಡುಬಂದವು. ಈ ಎರಡರ ನಡುವೆ ಸೇತುವೆ ಬೇಕು. ಆ ಸೇತುವೆಯನ್ನು ಮಾಸ್ತರರೊಬ್ಬರೇ ಕಟ್ಟಲಾರರು. ಸಂತೆಗೆ ಮಗುವಿನ ಕೈಹಿಡಿದು ಹೋಗುವವರು ಪಾಲಕರಲ್ಲವೆ?

ಅಕ್ಷರ ಬಾರದ ತಂದೆತಾಯಿಗಳು ‘ನಮಗೇನು ತಿಳಿದೀತು’ ಎಂದು ಹಿಂದೆ ಸರಿಯುವುದನ್ನು ಕಂಡಾಗ ನನಗೆ ಬಹಳ ವ್ಯಥೆಯಾಗುತ್ತದೆ. ಮಾಡಗ್ಯಾಳದ ಕುರಿಗಳ ತಳಿ ನಾಡಿಗೆಲ್ಲ ಹೆಸರಾದುದು. ಆ ಹಿಂಡನ್ನು ಸಂಜೆ ದೊಡ್ಡಿಯೊಳಗೆ ಬಿಡುತ್ತ ಜೋಡಿ ಜೋಡಿಯಾಗಿ ಎಣಿಸಿಕೊಳ್ಳುವ ಕುರುಬನು ಎರಡರ ಮಗ್ಗಿಯನ್ನೇ ನಡೆಸುತ್ತಿರುತ್ತಾನೆ. ದಾಳಿಂಬೆಯನ್ನು ಪೆಟ್ಟಿಗೆಯಲ್ಲಿ ಸಾಲಿಗೆ ಆರರಂತೆ ನಾಲ್ಕು ಸಾಲು ಹೊಂದಿಸುವ ತಾಯಿ, ಪೆಟ್ಟಿಗೆಯನ್ನು ಅಡ್ಡ ತಿರುಗಿಸಿ ‘ಈಗ ಸಾಲಿಗೆ ಎಷ್ಟು, ಸಾಲು ಎಷ್ಟು, ಹಣ್ಣು ಹೆಚ್ಚಾದವೆ?’ ಎಂದು ಕೇಳಿದರೆ ಗುಣಾಕಾರದ ಒಂದು ಮೂಲತತ್ತ್ವವನ್ನು ಕಲಿಸಿದಂತಾಯಿತು. ನಾಲ್ಕಾರಲೆ ಮತ್ತು ಆರು ನಾಲ್ಕಲೆ ಒಂದೇ ಎಂದು ಕಂಡ ಮೇಲೆ ಬಾಯಿಪಾಠ ಮಾಡಬೇಕಾದ ಮಗ್ಗಿಯ ಹೊರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಮಗ್ಗಿ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಅಜ್ಜಂದಿರು ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ನಿದ್ದೆಯಲ್ಲಿ ಹೇಳಬಲ್ಲವರಾಗಿದ್ದರು. ಅದಕ್ಕೆ ತಕ್ಕ ಕಾರಣವೂ ಇದ್ದಿತು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆಯಾಗಿದ್ದ ಕಾಲದಲ್ಲಿ ಆ ಮಗ್ಗಿಯಿಲ್ಲದೆ ಸಂತೆ ನಡೆಯುತ್ತಿರಲಿಲ್ಲ. ೧೯೫೭ರ ಏಪ್ರಿಲ್ ೧ರಿಂದ ರೂಪಾಯಿಗೆ ನೂರು ಪೈಸೆಯಾದ ಮೇಲೆ ಆ ಅಗತ್ಯ ತಪ್ಪಿತು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯನ, ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿಯೆ ‘ವ್ಯವಹಾರಗಣಿತ’ವನ್ನು ರಚಿಸಿದ ರಾಜಾದಿತ್ಯನ ನಾಡಿನವರಾದ ನಾವು, ಗಣಿತ ವ್ಯವಹಾರದಿಂದ ಹುಟ್ಟಿ ವ್ಯವಹಾರದೊಡನೆ ಬದಲಾಗುವುದೆಂಬುದನ್ನು ಸುಲಭವಾಗಿ ಒಪ್ಪಬಲ್ಲೆವು. ಆದುದರಿಂದ ಅಜ್ಜನ ಮಗ್ಗಿ ಮೊಮ್ಮಗನಿಗೆ ಬಾರದಿದ್ದರೆ ಶಾಲೆ ಕೆಟ್ಟಿತೆಂದು ತಿಳಿಯಬೇಕಾಗಿಲ್ಲ. ಹತ್ತರವರೆಗಿನ ಮಗ್ಗಿ ಬೇಕು; ಅದು ಸಾಲುಗಳನ್ನೂ ಜೋಡಿಗಳನ್ನೂ ಕೈಯಲ್ಲಿ ಆಡಿದ ಮೇಲೆ ಬರಬೇಕು. ಏಳೆಂಟಲೆ ಮರೆತಾಗ ಏಳೇಳಲೆ ನಲವತ್ತೊಂಬತ್ತಕ್ಕೆ ಮತ್ತೊಂದು ಏಳನ್ನು ಸೇರಿಸಿಕೊಳ್ಳಬಲ್ಲ ಕೂಸಿಗೆ ಮರೆವಿನ ಭಯವಿರದು.

ಪಾಲಕರು ಕಲಿಯಬೇಕಾದ ಪ್ರಶ್ನೆ ಒಂದೇ ಒಂದು. ಅದು ನಮ್ಮ ಸೀಮೆಯ ಆಡುಮಾತಿನಲ್ಲಿಯೆ ಇದೆ: ‘ಹೆಂಗ ಬಂತ?’ ಉತ್ತರ ತಪ್ಪಾಗಿದ್ದಾಗ ಮಾತ್ರ ಕೇಳಿದರೆ ಅದು ಗದರಿಕೆಯಾಗುತ್ತದೆ. ಸರಿಯಾಗಿದ್ದಾಗಲೂ ಕೇಳಿದರೆ ಅದು ಸಂಭಾಷಣೆಯಾಗುತ್ತದೆ. ಆ ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಬೇಕು, ಕೂಸು ಮಾತನ್ನು ಹುಡುಕಿಕೊಳ್ಳುವವರೆಗೂ ಕಾಯಬೇಕು. ಬಹಳ ಸಲ ವಿವರಿಸುತ್ತ ವಿವರಿಸುತ್ತ ಕೂಸು ತಾನಾಗಿಯೆ ಅರ್ಧದಲ್ಲಿ ನಿಂತು ತನ್ನ ಉತ್ತರವನ್ನು ತಿದ್ದಿಕೊಳ್ಳುತ್ತದೆ.

ಇಲ್ಲಿಯ ಮಕ್ಕಳೆಲ್ಲರಿಗೂ ವರ್ಷದುದ್ದಕ್ಕೂ ಪಡಸಾಲೆಯ ಸಂಜೆಗಳು ದೊರೆಯುವುದಿಲ್ಲ. ದೀಪಾವಳಿಯ ಸುಮಾರಿಗೆ ಅನೇಕ ಮನೆಗಳ ಬಾಗಿಲುಗಳಿಗೆ ಬೀಗ ಬೀಳುತ್ತದೆ; ಗಂಡಹೆಂಡಿರು ಕೋಯತಾ ಹಿಡಿದು ಕಬ್ಬು ಕಡಿಯಲು ಪಶ್ಚಿಮದ ನೀರಾವರಿ ಸೀಮೆಗೆ ಹೋಗುತ್ತಾರೆ, ಕೂಸುಗಳೂ ಜೊತೆಗೆ ಹೋಗುತ್ತವೆ, ಸುಗ್ಗಿ ಮುಗಿಯುವವರೆಗೆ ತರಗತಿಯಲ್ಲಿ ಅವರ ಸ್ಥಳ ಬರಿದಾಗಿರುತ್ತದೆ. ಹತ್ತು ಮತ್ತು ಬಿಡಿಗಳ ಪಾಠ ನಡೆಯುವ ತಿಂಗಳುಗಳೂ ಅವೇ ಆಗಿರಬಹುದು. ಕಡಿದ ಕಬ್ಬನ್ನು ಮೋಳಿ ಕಟ್ಟಿ ಟ್ರಾಕ್ಟರಿಗೆ ಹೊರುವಾಗ ತಾಯಿ ಹತ್ತು ಮೋಳಿಗೊಂದು ಗೆರೆಯನ್ನು ಮಣ್ಣಿನಲ್ಲಿ ಎಳೆಯಿಸಿ, ‘ನಾಲ್ಕು ಗೆರಿ ಆದವು, ಮೇಲೆ ಏಳು, ಎಷ್ಟ?’ ಎಂದು ಕೇಳಿದರೆ, ಬದುವಿನ ಮೇಲೆ ಕುಳಿತ ಕೂಸು ‘ನಲವತ್ತೇಳು’ ಎಂದು ಹೇಳುತ್ತದೆ. ಹಾಗೆ ಹೇಳುವಾಗ ಸ್ಥಾನಬೆಲೆಯ ಪಾಠವನ್ನು ಶಾಲೆಯಲ್ಲಿ ಕಲಿತವರಷ್ಟೇ ಸ್ಪಷ್ಟವಾಗಿ ಹೇಳಿರುತ್ತದೆ. ಬೇಸಿಗೆಯ ಮೊದಲಿಗೆ ಅದು ಊರಿಗೆ ಮರಳಿ ಶಾಲೆಯ ಬಾಗಿಲಲ್ಲಿ ನಿಂತಾಗ, ಈ ಗೆರೆಗಳ ಸಂಗತಿಯನ್ನು ತಾಯಿಯೆ ಮಾಸ್ತರರಿಗೆ ತಿಳಿಸಲಿ. ಪುಸ್ತಕದ ಆ ಪುಟದಲ್ಲಿ ಕಬ್ಬಿನ ಮೋಳಿಯ ಚಿತ್ರವಿಲ್ಲದಿದ್ದರೆ, ಮಾಸ್ತರರು ಅದನ್ನು ಸುಣ್ಣದ ಕಡ್ಡಿಯಿಂದ ಹಲಗೆಯ ಮೇಲೆ ತಾವೇ ಬರೆದು, ನಾಲ್ಕು ಗೆರೆ ಎಳೆದು, ಕೆಳಗೆ ಏಳು ಚುಕ್ಕೆಗಳನ್ನಿಟ್ಟು, ಅದೇ ಕೂಸನ್ನು ಕರೆದು ಓದಿಸಬಹುದು.